ಕಾಣದ ಹಕ್ಕಿಗೆ ಯಾಕೆ ದುಡ್ಡು?





ಕಳೆದ ಭಾನುವಾರ ವಂದನೆ ಮುಗಿದ ಮೇಲೆ ಮೈತ್ರಿಯ ಬಗ್ಗೆ ಮಾತು ನಡೆದಿತ್ತು. ಎರೆಭೂತ ಹಕ್ಕಿಯ ಹುಲ್ಲುಗಾವಲು ಉಳಿಸಲು ಸರ್ಕಾರ ಹಣ ಹಾಕುವ ವಿಷಯವನ್ನು ಯಾರೋ ಎತ್ತಿದರು. ಕಾಫಿ ತೋಟದ ಕೆಲಸದಲ್ಲೇ ತಲೆಗೂದಲು ಹಣ್ಣಾದ ನಮ್ಮ ಅಣ್ಣ ಒಬ್ಬರು ಕೇಳಿಯೇಬಿಟ್ಟರು: "ಮೇಷ್ಟ್ರೇ, ಇದೆಯೋ ಇಲ್ಲವೋ ಗೊತ್ತಿಲ್ಲದ ಹಕ್ಕಿಗೆ ದುಡ್ಡಿದೆ. ನಮ್ಮ ಕಾಲೋನಿಯವರು ಸತ್ತರೆ ಹೂಳೋಕೆ ಜಾಗ ಕೇಳಿದ್ರೆ ಇಲ್ಲ ಅಂತಾರೆ. ಇದ್ಯಾವ ಸೀಮೆ ಮೈತ್ರಿ?"

ಅಂದು ನಾನು ಏನೋ ಹೇಳಿ ಜಾರಿಕೊಂಡೆ. ವಾರವಿಡೀ ಆ ಮಾತು ಬಿಡಲಿಲ್ಲ.

ಹಕ್ಕಿಯ ಪರಿಚಯ ಇಲ್ಲದವರಿಗೆ ಎರಡು ಮಾತು. ಎರೆಭೂತ ಎಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್. ಸುಮಾರು ಮೂರಡಿ ಎತ್ತರ. ಗಂಡು ಹಕ್ಕಿ 15 ಕಿಲೋವರೆಗೂ ತೂಗಬಲ್ಲದು. ಬಯಲಿನಲ್ಲಿ ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ನಮ್ಮ ಮಲೆನಾಡಿನ ಹಕ್ಕಿಯಲ್ಲ, ಬಯಲುಸೀಮೆಯದು. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕಾಗಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಮಾಡಿದರು. ಆಗ ಅಲ್ಲಿ ಈ ಹಕ್ಕಿಯೂ ಇತ್ತು. ಆದರೆ ಬಯಲೆಂದರೆ ಬರಡು, ಮರವಿದ್ದರೆ ಮಾತ್ರ ಕಾಡು ಎಂಬ ಲೆಕ್ಕದಲ್ಲಿ ಅಲ್ಲಿ ನೀಲಗಿರಿ ಬೆಳೆಸಿದರು. ಹುಲ್ಲಿನಲ್ಲಿ ದೂರ ನೋಡುತ್ತಾ ಬದುಕುವ ಹಕ್ಕಿಗೆ ನೀಲಗಿರಿ ತೋಪು ಮನೆಯಾಗಲಿಲ್ಲ. ಕೃಷ್ಣಮೃಗ ಉಳಿಯಿತು, ಎರೆಭೂತ ಅಲ್ಲಿಂದ ಹೋಯಿತು. ಈಗ ನಮ್ಮ ರಾಜ್ಯದಲ್ಲಿ ಅದರ ಮಾತು ಬಂದರೆ ಬಳ್ಳಾರಿ ಕಡೆಯ ಸಿರುಗುಪ್ಪದ ಹೆಸರು ಹೇಳುತ್ತಾರೆ, ಅಲ್ಲಿಯೂ ಬೆರಳೆಣಿಕೆ. ಅಂದರೆ ಸಾರ್ವಜನಿಕ ಹಣ ಖರ್ಚಾದ ಜಾಗದಲ್ಲೇ ಹಕ್ಕಿ ಕಾಣೆಯಾಯಿತು. ಅಣ್ಣನ ಸಿಟ್ಟಿಗೆ ಇದೂ ಒಂದು ಆಧಾರವೇ.

ಆ ಸಿಟ್ಟಿಗೆ ಇನ್ನೂ ಹಳೆಯ ಬೇರಿದೆ. ಮಹಾಡಿನ ಚವದಾರ್ ಕೆರೆಯಲ್ಲಿ ದನಕರು ನೀರು ಕುಡಿಯಬಹುದಿತ್ತು, ನಾವು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ನೀರನ್ನು ಬೊಗಸೆಯಲ್ಲಿ ಎತ್ತಿದ್ದು ಅದಕ್ಕೇ. ಪ್ರಾಣಿಗೆ ದಯೆ ತೋರಿಸಿ ಮನುಷ್ಯನನ್ನು ದೂರ ಇಟ್ಟ ಸಮಾಜ ಇದು. ಹಾಗಾಗಿ "ಹಕ್ಕಿಗೆ ದುಡ್ಡು" ಎಂದಾಗ ನಮ್ಮವರಿಗೆ ಮೈಯುರಿದರೆ ಅವರನ್ನು ಕರುಣೆ ಇಲ್ಲದವರು ಎನ್ನುವ ಹಕ್ಕು ಯಾರಿಗೂ ಇಲ್ಲ.

ಆದರೆ ನಮ್ಮ ಹಣ ಎಲ್ಲಿ ಹೋಯಿತು ಎಂದು ಹುಡುಕುತ್ತಾ ಹೋದರೆ ಹಕ್ಕಿಯ ಗೂಡು ಸಿಗುವುದಿಲ್ಲ. ಪರಿಶಿಷ್ಟರಿಗಾಗಿ ಹಣ ಮೀಸಲಿಡುವ ಉಪಯೋಜನೆ ಕಾಯ್ದೆ 2013ರಲ್ಲಿ ಬಂತು. ಅದರೊಳಗೇ 7(ಡಿ) ಎಂಬ ಕಿಂಡಿ ಇತ್ತು. ಎಲ್ಲರಿಗೂ ಆಗುವ ಕಾಮಗಾರಿಯ ಖರ್ಚಿನಲ್ಲಿ ಒಂದು ಪಾಲನ್ನು ನಮಗೇ ಆದ ಖರ್ಚು ಎಂದು ಬರೆದುಕೊಳ್ಳಲು ಅದು ದಾರಿ ಕೊಟ್ಟಿತ್ತು. ಅದನ್ನು ಕಿತ್ತುಹಾಕಲು ಹೋರಾಡಿ ಹೋರಾಡಿ 2023 ಆಯಿತು. ನಮ್ಮನ್ನೂ ಹಕ್ಕಿಯನ್ನೂ ಎದುರುಬದುರು ನಿಲ್ಲಿಸಿದರೆ ಈ ಲೆಕ್ಕ ಕೇಳುವವರು ಯಾರೂ ಇರುವುದಿಲ್ಲ.

ಇನ್ನು ಮೈತ್ರಿ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಕರುಣೆಗೂ ಮೈತ್ರಿಗೂ ವ್ಯತ್ಯಾಸ ತೋರಿಸುತ್ತಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ, ಮೈತ್ರಿ ಎಲ್ಲ ಜೀವಿಗಳ ಮೇಲಿನದು, ಕರುಣೆಯಲ್ಲೇ ನಿಂತುಬಿಡಬಾರದು ಎನ್ನುತ್ತಾರೆ. ದೇವದತ್ತನ ಬಾಣ ತಗುಲಿದ ಹಕ್ಕಿಯ ಕಥೆಯೂ ಅಲ್ಲಿದೆ. ಹೊಡೆದವನದಲ್ಲ, ಉಳಿಸಿದವನದು ಎಂದು ತೀರ್ಪಾಯಿತು. ಆದರೆ ಗಮನಿಸಿ, ಆ ಹಕ್ಕಿ ಸಿದ್ಧಾರ್ಥನ ಕೈಯಲ್ಲಿತ್ತು, ಬಿಸಿಯಾಗಿತ್ತು, ನೋವು ಕಣ್ಣಿಗೆ ಕಾಣುತ್ತಿತ್ತು. ನಮ್ಮದು ಕಣ್ಣಿಗೇ ಬೀಳದ ಹಕ್ಕಿ. ಇದೆಯೋ ಇಲ್ಲವೋ ತಿಳಿಯದ ಜೀವಕ್ಕೆ ಮೈತ್ರಿ ತೋರುವುದು ಹೇಗೆ?

ಇಲ್ಲಿ ನನಗೆ ದಾರಿ ತೋರಿಸಿದ್ದು ನಮ್ಮ ಶಾಲೆಯ ಹಾಜರಿ ಪುಸ್ತಕ. ಲೈನ್ ಮನೆಯ ಮಗು ಒಂದು ತಿಂಗಳು ಬರುವುದಿಲ್ಲ. ಅಪ್ಪ ಅಮ್ಮ ಬೇರೆ ತೋಟಕ್ಕೆ ಹೋಗಿರುತ್ತಾರೆ, ಎಲ್ಲಿಗೆಂದು ಪಕ್ಕದವರಿಗೂ ಗೊತ್ತಿರುವುದಿಲ್ಲ. ಹೆಸರು ಹೊಡೆದುಹಾಕುವುದು ಸುಲಭ. ಹೊಡೆದ ಮೇಲೆ ಆ ಮಗುವಿನ ಪಾಲಿನ ಬಿಸಿಯೂಟವಿಲ್ಲ, ಪುಸ್ತಕವಿಲ್ಲ, ಹುಡುಕುವವರಂತೂ ಇಲ್ಲವೇ ಇಲ್ಲ. ಕಾಣೆಯಾದ ಮಗು ಹೆಸರು ಹೊಡೆದ ದಿನ ನಿಜವಾಗಿ ಇಲ್ಲವಾಗುತ್ತದೆ. ಪಕ್ಷಿ ವಿಜ್ಞಾನಿಗಳು ಇದನ್ನು ರೋಮಿಯೋನ ತಪ್ಪು ಎನ್ನುತ್ತಾರಂತೆ. ಜೂಲಿಯಟ್ ಸತ್ತಳೆಂದು ಅವಸರದಲ್ಲಿ ನಂಬಿ ಅವನು ವಿಷ ಕುಡಿದ, ಅವನು ಸತ್ತದ್ದನ್ನು ಕಂಡು ಅವಳು ನಿಜಕ್ಕೂ ಸತ್ತಳು.

ನೆರೆಯ ಆಂಧ್ರದ ಕಡಪದಲ್ಲಿ ಜೆರ್ಡನ್ಸ್ ಕೋರ್ಸರ್ ಎಂಬ ಇರುಳು ಹಕ್ಕಿಯೊಂದಿದೆ. 1900ರ ನಂತರ ಅದನ್ನು ಕಂಡವರಿರಲಿಲ್ಲ, ಮುಗಿಯಿತು ಎಂದುಕೊಂಡಿದ್ದರು. 1986ರಲ್ಲಿ ಆ ಊರಿನ ಹಕ್ಕಿ ಹಿಡಿಯುವವರೊಬ್ಬರ ಕೈಗೆ ಅದು ಸಿಕ್ಕಿತು. ಆಮೇಲೆ ಶ್ರೀಲಂಕಮಲ್ಲೇಶ್ವರ ಅಭಯಾರಣ್ಯವಾಯಿತು, ತೆಲುಗು ಗಂಗಾ ಕಾಲುವೆಯ ದಾರಿಯನ್ನೇ ಬದಲಿಸಬೇಕಾಯಿತು. ಅಷ್ಟಾದ ಮೇಲೂ 2009ರ ಈಚೆಗೆ ಹತ್ತು ವರ್ಷಕ್ಕೂ ಮೀರಿ ಖಚಿತವಾದ ಸುದ್ದಿ ಇರಲಿಲ್ಲ. ವ್ಯರ್ಥ ಎನ್ನಬಹುದೇ? 86 ವರ್ಷ ಕಾಣದೆ ಬದುಕಿದ್ದ ಹಕ್ಕಿಯ ವಿಷಯದಲ್ಲಿ ನನಗೆ ಆ ಧೈರ್ಯ ಸಾಲದು. (ಹಕ್ಕಿಗೆ ಹೆಸರು ಮಾತ್ರ ಕಂಪನಿ ಸರ್ಕಾರದ ಡಾಕ್ಟರರದ್ದು. ಕತ್ತಲಲ್ಲಿ ಕಾಡು ಅಲೆದು ಹಿಡಿದುಕೊಟ್ಟವರದ್ದಲ್ಲ. ಇದೂ ನಮಗೆ ಹೊಸದಲ್ಲ.)

ಹಾಗಾದರೆ ಅಣ್ಣ ಹೇಳಿದ್ದು ತಪ್ಪೇ? ಅರ್ಧ ತಪ್ಪಲ್ಲ. ಹಕ್ಕಿಗೆಂದು ಬಯಲಿಗೆ ಬೇಲಿ ಹಾಕಿದರೆ ಮೊದಲು ಹೊರಗಾಗುವವರು ಕುರಿ ಕಾಯುವವರು, ಗೋಮಾಳ ಬಿಟ್ಟರೆ ಬೇರೆ ನೆಲವಿಲ್ಲದ ನಮ್ಮಂಥವರು. ಆನೆಯ ವಿಷಯದಲ್ಲಿ ನಾವೇ ನೋಡಿದ್ದೇವೆ. 2014ರಲ್ಲಿ ಆಲೂರು–ಸಕಲೇಶಪುರ ಭಾಗದಿಂದ 22 ಆನೆ ಹಿಡಿದು ಸಾಗಿಸಿದರು, ಆದರೂ ಮಂಜಿನಲ್ಲಿ ತೋಟಕ್ಕೆ ನಡೆದು ಹೋಗುವ ಹೆಣ್ಣುಮಕ್ಕಳ ಭಯ ಹೋಗಲಿಲ್ಲ. ಆನೆ ಬೇಕೆಂದು ಪೇಟೆಯಲ್ಲಿ ಹೇಳುವುದು ಸುಲಭ, ಅದರ ಬೆಲೆ ತೆರುವವರು ನಡೆದು ಹೋಗುವವರು. ನೀಲಗಿರಿ ಕಿತ್ತು ಹುಲ್ಲು ಬೆಳೆಸುವ ಕೂಲಿ, ಕಾಯುವ ಕೆಲಸ ಆ ಊರಿನವರಿಗೇ ಸಿಗಲಿ, ಕುರಿ ಮೇಯುವ ಹಕ್ಕು ಉಳಿಯಲಿ. ಆ ಷರತ್ತಿನ ಮೇಲೆ, ಆ ಷರತ್ತಿನ ಮೇಲೆ ಮಾತ್ರ, ಎರೆಭೂತದ ಹುಲ್ಲಿಗೆ ನನ್ನ ತೆರಿಗೆ ಹೋಗಲಿ ಎನ್ನುತ್ತೇನೆ.

ಸ್ಮಶಾನದ ಅರ್ಜಿ ಇನ್ನೂ ಹಾಗೇ ಇದೆ. ಈ ಭಾನುವಾರ ವಂದನೆಗೆ ಬರುವವರು ಆಧಾರ್ ಪ್ರತಿ ತನ್ನಿ, ಮತ್ತೊಮ್ಮೆ ಎಲ್ಲರೂ ಸಹಿ ಹಾಕಿ ಕೊಡೋಣ. ಅಣ್ಣನಿಗೆ ಇದನ್ನೆಲ್ಲ ಅಲ್ಲೇ ಎದುರಾಬದುರಾ ಹೇಳುತ್ತೇನೆ. ಅವರು ಒಪ್ಪುತ್ತಾರೆ ಎಂದು ನನಗನ್ನಿಸುವುದಿಲ್ಲ.

ಜೈ ಭೀಮ್.