ಯಾರ ಗಜ, ಯಾರಿಗೆ ಕಂಚು

ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡನ್ನು ಎದೆಗವಚಿಕೊಂಡು ಓಡುವವನಿಗೆ ರನ್ನಿಂಗ್ ಬ್ಯಾಕ್ ಎನ್ನುತ್ತಾರೆ. ಕಬಡ್ಡಿಯಲ್ಲಿ ರೈಡ್‌ಗೆ ಹೋದವನ ಮೇಲೆ ಬಿದ್ದ ಹಾಗೆ ಎದುರಾಳಿಗಳು ಇವನೊಬ್ಬನ ಮೇಲೆ ಮುಗಿಬೀಳುತ್ತಾರೆ. ಇಲ್ಲಿ ಬೀಳುವವರಲ್ಲಿ ಕೆಲವರು ನೂರೈವತ್ತು ಕಿಲೋ ತೂಗುತ್ತಾರೆ, ಅದೂ ಒಂದೇ ಪಂದ್ಯದಲ್ಲಿ ಇಪ್ಪತ್ತು ಇಪ್ಪತ್ತೈದು ಸಲ. ಮೊದಲು ಸೋಲುವುದು ಮೊಣಕಾಲು. ಕ್ವಾರ್ಟರ್‌ಬ್ಯಾಕ್ ಆದವನು ನಲವತ್ತರಲ್ಲೂ ಚೆಂಡೆಸೆಯುತ್ತಾ ಇರಬಹುದು. ಓಡುವವನಿಗೆ ಮೂವತ್ತು ತುಂಬಿತೆಂದರೆ ತಂಡದವರು ಬದಲಿ ಹುಡುಗನನ್ನು ಹುಡುಕತೊಡಗುತ್ತಾರೆ.

ಇಷ್ಟು ಬೇಗ ಮುಗಿದುಹೋಗುವ ಆಟದ ಬದುಕನ್ನು ಯಾವ ಕೋಲಿನಿಂದ ಅಳೆಯಬೇಕು? ಒಹಾಯೊ ರಾಜ್ಯದ ಕ್ಯಾಂಟನ್ ಎಂಬ ಊರಿನ ದೆಸೆಯಿಂದ ಈ ಪ್ರಶ್ನೆ ವರ್ಷವರ್ಷವೂ ಏಳುತ್ತದೆ. 1920ರಲ್ಲಿ ವೃತ್ತಿಪರ ಲೀಗ್ ಹುಟ್ಟಿದ್ದು ಅಲ್ಲಿನ ಒಂದು ಕಾರು ಮಳಿಗೆಯಲ್ಲಿ. 1963ರಲ್ಲಿ ಅದೇ ಊರಿನಲ್ಲಿ ಹಾಲ್ ಆಫ್ ಫೇಮ್ ಬಾಗಿಲು ತೆರೆಯಿತು. ಆಯ್ಕೆಯಾದವರಿಗೆ ಚಿನ್ನದ ಬಣ್ಣದ ಕೋಟು ತೊಡಿಸುತ್ತಾರೆ, ಅವರ ಮುಖವನ್ನು ಕಂಚಿನಲ್ಲಿ ಎರಕ ಹೊಯ್ದು ಸಾಲಿನಲ್ಲಿ ಕೂರಿಸುತ್ತಾರೆ. ಆಟ ಬಿಟ್ಟು ಐದು ವರ್ಷ ಕಳೆದ ಮೇಲೆ ಹೆಸರು ಚರ್ಚೆಗೆ ಅರ್ಹ. ಸುಮಾರು ಐವತ್ತು ಮಂದಿ, ಅವರಲ್ಲಿ ಬಹುಪಾಲು ಪತ್ರಕರ್ತರು, ಗುಟ್ಟಾಗಿ ವಾದಿಸಿ ಮತ ಹಾಕುತ್ತಾರೆ. ನೂರಕ್ಕೆ 80 ಮತ ಬಿದ್ದರೆ ಒಳಗೆ.

ಜಿಮ್ ಬ್ರೌನ್ ಬಗ್ಗೆ ಯಾರೂ ಜಗಳವಾಡುವುದಿಲ್ಲ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡಕ್ಕೆ 1957ರಿಂದ 1965ರವರೆಗೆ ಒಂಬತ್ತೇ ಸೀಸನ್ ಆಡಿದರು. ಅದರಲ್ಲಿ ಎಂಟು ಸಲ ಲೀಗ್‌ನಲ್ಲೇ ಎಲ್ಲರಿಗಿಂತ ಹೆಚ್ಚು ಗಜ ಓಡಿದರು. ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಒಟ್ಟು 12,312 ಗಜ. 1966ರ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿ 'ದಿ ಡರ್ಟಿ ಡಜನ್' ಸಿನಿಮಾದ ಚಿತ್ರೀಕರಣ ತಡವಾಯಿತು. ತರಬೇತಿಗೆ ಬಾರದಿದ್ದರೆ ದಂಡ ಹಾಕುತ್ತೇನೆಂದು ತಂಡದ ಮಾಲೀಕ ಗದರಿದಾಗ, ಮೂವತ್ತರ ಬ್ರೌನ್ ಆಟವನ್ನೇ ಬಿಟ್ಟುಬಿಟ್ಟರು. ಬ್ಯಾರಿ ಸ್ಯಾಂಡರ್ಸ್ ಹೋದದ್ದೂ ಹೆಚ್ಚುಕಡಿಮೆ ಹೀಗೆಯೇ. ಹತ್ತು ಸೀಸನ್, ಹತ್ತರಲ್ಲೂ ಸಾವಿರ ಗಜದ ಮೇಲೆ. ವಾಲ್ಟರ್ ಪೇಟನ್ ಅವರ ಒಟ್ಟು ಓಟದ ದಾಖಲೆಗೆ 1,457 ಗಜ ಬಾಕಿಯಿದ್ದಾಗ, 1999ರಲ್ಲಿ, ತಮ್ಮೂರಿನ ಪತ್ರಿಕೆಗೊಂದು ಫ್ಯಾಕ್ಸ್ ಕಳಿಸಿ ಹೊರಟುಬಿಟ್ಟರು. ಇನ್ನೊಂದು ವರ್ಷ ಆಡಿದ್ದರೆ ದಾಖಲೆ ಕೈಗೆ ಬರುತ್ತಿತ್ತು. ಅದು ಬೇಡವೆಂದವರನ್ನು ಕಂಡರೆ ನನಗೆ ಒಳಗೊಳಗೇ ಖುಷಿ.

ಜಗಳ ಶುರುವಾಗುವುದು ಇವರ ನಂತರ. ಒಂದು ಕಡೆ ಫ್ರಾಂಕ್ ಗೋರ್. ಕಾಲೇಜಿನಲ್ಲಿರುವಾಗಲೇ ಎರಡೂ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡ ಹುಡುಗ. ಇವನು ಬಹಳ ದಿನ ಬಾಳುವ ಸರಕಲ್ಲ ಎಂದು ತಂಡಗಳು ಹಿಂಜರಿದವು. ಅದೇ ಗೋರ್ 2005ರಿಂದ 2020ರವರೆಗೆ ಹದಿನಾರು ಸೀಸನ್ ಓಡಿ, ಸರಿಯಾಗಿ 16,000 ಗಜಕ್ಕೆ ನಿಲ್ಲಿಸಿದರು. ಇತಿಹಾಸದಲ್ಲಿ ಅವರಿಗಿಂತ ಹೆಚ್ಚು ಓಡಿದವರು ಇಬ್ಬರೇ, ಎಮಿಟ್ ಸ್ಮಿತ್ ಮತ್ತು ಪೇಟನ್. ಆದರೆ ಯಾವ ಒಂದು ವರ್ಷವೂ ಗೋರ್ ಲೀಗ್‌ನ ಮೊದಲ ಓಟಗಾರನಾಗಲಿಲ್ಲ.

ಇನ್ನೊಂದು ಕಡೆ ಗೇಲ್ ಸೇಯರ್ಸ್. ಶಿಕಾಗೊ ಬೇರ್ಸ್ ಪರವಾಗಿ ಆಡಿದ್ದು ಬರೀ 68 ಪಂದ್ಯ. ಓಟದ ಗಜ ಐದು ಸಾವಿರವನ್ನೂ ಮುಟ್ಟಲಿಲ್ಲ. ಆದರೆ 1965ರ ಡಿಸೆಂಬರಿನಲ್ಲಿ, ಮೊದಲ ವರ್ಷದ ಹುಡುಗ, ಕೆಸರೆದ್ದ ಮೈದಾನದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿರುದ್ಧ ಒಂದೇ ಪಂದ್ಯದಲ್ಲಿ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಆರು ಟಚ್‌ಡೌನ್ ಹೊಡೆದ. ಉಳಿದವರು ಜಾರುತ್ತಿದ್ದ ನೆಲದಲ್ಲಿ ಅವನೊಬ್ಬ ನೇರ ನಿಂತು ತಿರುಗುತ್ತಿದ್ದ. 1968ರಲ್ಲಿ ಬಲಮೊಣಕಾಲು ಹೋಯಿತು. ಮರುವರ್ಷ ಎದ್ದುಬಂದು ಮತ್ತೆ ಲೀಗ್‌ಗೇ ಮೊದಲಿಗನಾದ. ಆಮೇಲೆ ಎಡಗಾಲೂ ಹೋಯಿತು. 34ರ ವಯಸ್ಸಿನಲ್ಲಿ, 1977ರಲ್ಲಿ, ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. ಅಷ್ಟು ಎಳೆಯ ವಯಸ್ಸಿಗೆ ಮತ್ತಾರೂ ಒಳಗೆ ಹೋಗಿಲ್ಲ.

ಸೇಯರ್ಸ್ ಒಳಗಿದ್ದ ಕಾರಣಕ್ಕೇ ಡೆನ್ವರಿನ ಟೆರೆಲ್ ಡೇವಿಸ್ ಪರ ವಾದಿಸುವವರಿಗೆ ಬಾಯಿ ಬಂತು. ತಂಡಗಳು ಹೊಸಬರನ್ನು ಸರದಿಯಲ್ಲಿ ಆರಿಸಿಕೊಳ್ಳುವಾಗ ಆರನೇ ಸುತ್ತಿನಲ್ಲಿ ಆಯ್ಕೆಯಾದ, ಯಾರೂ ಹೆಚ್ಚಿಗೆ ನಿರೀಕ್ಷಿಸದಿದ್ದ ಆಟಗಾರ. ಮೊದಲ ನಾಲ್ಕು ವರ್ಷ ಬೆಂಕಿ. 1998ರಲ್ಲಿ 2,008 ಗಜ. ಆ ವರ್ಷದ ಜನವರಿಯಲ್ಲಿ ಲೀಗ್ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಮೈಗ್ರೇನ್‌ನಿಂದ ಕಣ್ಣು ಮಂಜಾಗಿ ಒಂದಷ್ಟು ಹೊತ್ತು ಹೊರಗೆ ಕೂತು, ಮತ್ತೆ ಬಂದು ಮೂರು ಟಚ್‌ಡೌನ್‌ಗಳಿಂದ ಪಂದ್ಯಶ್ರೇಷ್ಠನಾದವರು. 1999ರಲ್ಲಿ ಮೊಣಕಾಲು ಹೋದಮೇಲೆ ಆಡಿದ್ದು ಇಲ್ಲವೆನ್ನುವಷ್ಟು. ಒಟ್ಟು 78 ಪಂದ್ಯ. 2017ರವರೆಗೆ ಕಾಯಿಸಿದರು.

ಅವರನ್ನು ಕಾಯಿಸಿದ್ದು ಪಂದ್ಯಗಳ ಕೊರತೆಯೊಂದೇ ಅಲ್ಲ, ಇನ್ನೊಂದು ಅನುಮಾನವೂ ಇತ್ತು. ಡೇವಿಸ್ ಬಿದ್ದಮೇಲೆ ಅದೇ ಡೆನ್ವರ್ ತಂಡದಲ್ಲಿ ಒಲಾಂಡಿಸ್ ಗ್ಯಾರಿ, ಮೈಕ್ ಆ್ಯಂಡರ್ಸನ್, ಕ್ಲಿಂಟನ್ ಪೋರ್ಟಿಸ್ ಒಬ್ಬರಾದಮೇಲೊಬ್ಬರು ಬಂದು, ಬಂದ ವರ್ಷವೇ ಸಾವಿರ ಗಜ ದಾಟಿದರು. ಹಾಗಾದರೆ ಆ ಗಜಗಳು ಓಡಿದವನವೋ, ಮುಂದೆ ನಿಂತು ದಾರಿ ಬಿಡಿಸಿದ ಲೈನ್‌ಮನ್‌ಗಳವೋ?

ಈ ಅನುಮಾನ ಸಣ್ಣದಲ್ಲ. 2005ರಲ್ಲಿ ಸಿಯಾಟಲ್‌ನ ಶಾನ್ ಅಲೆಕ್ಸಾಂಡರ್ 1,880 ಗಜ ಓಡಿ, 28 ಟಚ್‌ಡೌನ್ ಹೊಡೆದು, ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಎನಿಸಿಕೊಂಡರು. ಎಡಬದಿಯಲ್ಲಿ ಅವರಿಗೆ ದಾರಿ ಬಿಡಿಸುತ್ತಿದ್ದವರು ವಾಲ್ಟರ್ ಜೋನ್ಸ್ ಮತ್ತು ಸ್ಟೀವ್ ಹಚಿನ್ಸನ್. ಮರುವರ್ಷ ಹಚಿನ್ಸನ್ ಬೇರೆ ತಂಡಕ್ಕೆ ಹೋದರು, ಅಲೆಕ್ಸಾಂಡರ್ ಪಾದಕ್ಕೆ ಪೆಟ್ಟಾಯಿತು, ಓಟ ಕುಸಿಯಿತು. ಜೋನ್ಸ್ 2014ರಲ್ಲಿ, ಹಚಿನ್ಸನ್ 2020ರಲ್ಲಿ ಕಂಚಾದರು. ಅಲೆಕ್ಸಾಂಡರ್ ಆಗಲಿಲ್ಲ. ದಾರಿ ಮಾಡಿದವರಿಗೆ ಸಂದ ಮಾನ ದಾರಿಯಲ್ಲಿ ಓಡಿದವನಿಗೆ ಸಲ್ಲದ ಈ ಪ್ರಸಂಗದಲ್ಲಿ ನನಗೆ ಅನ್ಯಾಯಕ್ಕಿಂತ ಹೆಚ್ಚಾಗಿ ನ್ಯಾಯವೇ ಕಾಣುತ್ತದೆ. ಬೆವರು ಸುರಿಸಿದವರ ಹೆಸರು ಬರೆಯದೆ ಗಜವನ್ನೆಲ್ಲ ಒಬ್ಬನ ಖಾತೆಗೆ ಜಮಾ ಮಾಡುವ ಪದ್ಧತಿ ಒಮ್ಮೆಯಾದರೂ ತಲೆಕೆಳಗಾಯಿತಲ್ಲ!

ಗಜದ ಲೆಕ್ಕದಲ್ಲಿ ಕಾಲದ ಮೋಸವೂ ಇದೆ. ಬ್ರೌನ್ ಬಂದಾಗ ಸೀಸನ್ನಿಗೆ 12 ಪಂದ್ಯ. ಆಮೇಲೆ 14, 1978ರಿಂದ 16, ಈಗ 17. ಎತ್ತಿ ತೋರಿಸುವ ದೊಡ್ಡ ಮೊತ್ತದಲ್ಲಿ ಆಟಗಾರನ ಕಸುವಿನ ಜೊತೆ ಲೀಗ್‌ನ ಕ್ಯಾಲೆಂಡರೂ ಸೇರಿಕೊಂಡಿರುತ್ತದೆ. ಅದಲ್ಲದೆ ಓಡುವುದೊಂದೇ ಈ ಆಟಗಾರನ ಕೆಲಸವಲ್ಲ. 1985ರಲ್ಲಿ ರೋಜರ್ ಕ್ರೇಗ್ ಒಂದೇ ಸೀಸನ್ನಿನಲ್ಲಿ ಓಡಿ ಸಾವಿರ, ಚೆಂಡು ಹಿಡಿದು ಸಾವಿರ ಗಜ ಗಳಿಸಿದರು. ಅದುವರೆಗೆ ಯಾರೂ ಮಾಡದ ಕೆಲಸ. ನಿವೃತ್ತರಾಗಿ ಮೂವತ್ತು ವರ್ಷ ದಾಟಿದರೂ ಅವರಿಗೆ ಬಾಗಿಲು ತೆರೆದಿರಲಿಲ್ಲ.

ಆದರೆ ಎಲ್ಲ ಲೆಕ್ಕವನ್ನೂ ನಾಚಿಸುವ ಹೆಸರು ಕೆನ್ನಿ ವಾಷಿಂಗ್ಟನ್. 1939ರಲ್ಲಿ ಲಾಸ್ ಏಂಜಲೀಸಿನ ಯುಸಿಎಲ್‌ಎ ತಂಡದಲ್ಲಿ ಅವರು ಆಡುತ್ತಿದ್ದಾಗ ಜೊತೆಗಿದ್ದವರು ವುಡಿ ಸ್ಟ್ರೋಡ್ ಮತ್ತು ಜಾಕಿ ರಾಬಿನ್ಸನ್. ಹೌದು, ಮುಂದೆ ಬೇಸ್‌ಬಾಲಿನ ವರ್ಣಗೋಡೆ ಒಡೆದ ಅದೇ ರಾಬಿನ್ಸನ್. ದೇಶದ ಅತ್ಯುತ್ತಮ ಕಾಲೇಜು ಆಟಗಾರರಲ್ಲಿ ವಾಷಿಂಗ್ಟನ್ ಒಬ್ಬರು. ಆದರೂ ಲೀಗ್‌ನ ಯಾವ ತಂಡವೂ ಕರೆಯಲಿಲ್ಲ. 1934ರಿಂದ 1945ರವರೆಗೆ ಲೀಗ್‌ನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ಬರೆದಿಟ್ಟ ನಿಯಮವೇನಲ್ಲ, ಮಾಲೀಕರ ನಡುವಿನ ಒಳಮಾತು. ಓಡುವವನೊಬ್ಬನ ಅತ್ಯುತ್ತಮ ವರ್ಷಗಳು ಇಪ್ಪತ್ತೊಂದರಿಂದ ಇಪ್ಪತ್ತೇಳು ಎನ್ನುವುದಾದರೆ, ಆ ವರ್ಷಗಳನ್ನು ವಾಷಿಂಗ್ಟನ್ ಪಶ್ಚಿಮ ಕರಾವಳಿಯ ಚಿಕ್ಕ ಲೀಗ್‌ಗಳಲ್ಲಿ, ಮೊಣಕಾಲು ಸವೆಸಿಕೊಳ್ಳುತ್ತಾ ಕಳೆದರು.

1946ರಲ್ಲಿ ರ‍್ಯಾಮ್ಸ್ ತಂಡ ಕ್ಲೀವ್‌ಲ್ಯಾಂಡಿನಿಂದ ಲಾಸ್ ಏಂಜಲೀಸಿಗೆ ಗುಳೆ ಬಂತು; ಆಡಲು ಕೊಲಿಸಿಯಮ್ ಕ್ರೀಡಾಂಗಣ ಬೇಕಿತ್ತು. ಸಾರ್ವಜನಿಕರ ತೆರಿಗೆ ಹಣದ ಮೈದಾನದಲ್ಲಿ ಕಪ್ಪು ಜನರನ್ನು ದೂರವಿಟ್ಟ ತಂಡ ಹೇಗೆ ಆಡುತ್ತದೆ ಎಂದು ಅಲ್ಲಿನ ಕಪ್ಪು ಪತ್ರಕರ್ತರು ಕೇಳಿದರು. ಆ ಪ್ರಶ್ನೆಗೆ ಮಣಿದು ರ‍್ಯಾಮ್ಸ್ ವಾಷಿಂಗ್ಟನ್ ಅವರಿಂದ ಸಹಿ ಹಾಕಿಸಿಕೊಂಡಿತು, ಹಿಂದೆಯೇ ಸ್ಟ್ರೋಡ್ ಅವರಿಂದಲೂ. ವಾಷಿಂಗ್ಟನ್ ಮೂರೇ ಸೀಸನ್ ಆಡಿದರು. ಒಟ್ಟು 859 ಗಜ. 1947ರಲ್ಲಿ ಒಂದು ಓಟ 92 ಗಜದ್ದು, ಮೊಣಕಾಲಿಗೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯಾದ ಮೇಲೆ ಓಡಿದ್ದು.

ಅದೇ 1946ರಲ್ಲಿ ಪ್ರತಿಸ್ಪರ್ಧಿ ಲೀಗ್‌ನ ಕ್ಲೀವ್‌ಲ್ಯಾಂಡ್ ತಂಡ ಬಿಲ್ ವಿಲ್ಲಿಸ್ ಮತ್ತು ಮರಿಯನ್ ಮಾಟ್ಲಿ ಎಂಬ ಇಬ್ಬರು ಕಪ್ಪು ಆಟಗಾರರನ್ನು ಸೇರಿಸಿಕೊಂಡಿತು. ಮಾಟ್ಲಿ ಬೆಳೆದದ್ದು ಕ್ಯಾಂಟನ್ನಿನಲ್ಲೇ. ಎದುರಾಳಿಗಳನ್ನು ಗುದ್ದಿಕೊಂಡು ಓಡುವುದರಲ್ಲಿ ಎಷ್ಟು ಗಟ್ಟಿಯೋ, ತನ್ನ ಕ್ವಾರ್ಟರ್‌ಬ್ಯಾಕನ್ನು ಕಾಯುವುದರಲ್ಲೂ ಅಷ್ಟೇ ಗಟ್ಟಿ. 1968ರಲ್ಲಿ ಸ್ವಂತ ಊರಿನ ಸ್ಮಾರಕದಲ್ಲಿ ಅವರಿಗೆ ಜಾಗ ಸಿಕ್ಕಿತು. ಅವರಿಗೂ ವರ್ಷಗಳು ಕಳೆದುಹೋಗಿದ್ದವು, ಆದರೆ ಕಾಲುಗಳು ಉಳಿದಿದ್ದವು. ವಾಷಿಂಗ್ಟನ್ ಅವರಿಗೆ ಎರಡೂ ಉಳಿಯಲಿಲ್ಲ. 2022ರಲ್ಲಿ ಹಾಲ್ ಆಫ್ ಫೇಮ್ ಈ ಮೂವರಿಗೂ ಸ್ಟ್ರೋಡ್ ಅವರಿಗೂ ಸೇರಿಸಿ ಒಂದು ಗೌರವ ಪ್ರಶಸ್ತಿ ಕೊಟ್ಟಿತು. ಕಂಚಿನ ಸಾಲಿನ ಮಾತು ಬೇರೆ.

ಅಂಕಿ ಎದುರಿಗಿಟ್ಟುಕೊಂಡು 859 ಎಂದು ಓದಿ ಪುಟ ತಿರುಗಿಸುವವರ ಮೇಲೆ ನನಗೆ ಸಿಟ್ಟಿಲ್ಲ. ಮತ ಹಾಕುವ ಆಯ್ಕೆ ಮಂಡಳಿಯವರಿಗೂ ಒಂದು ಅಳತೆ ಬೇಕು. ಆಡದೇ ಹೋದ ಪಂದ್ಯಗಳನ್ನು ಊಹಿಸಿ ಅಂಕ ಕೊಡಲು ಹೊರಟರೆ ಕೊನೆಯೆಲ್ಲಿ ಎಂಬ ಅವರ ಆತಂಕ ಸುಳ್ಳಲ್ಲ. ಆದರೆ ಸೇಯರ್ಸ್ ಮೊಣಕಾಲು ಕಸಿದ ವರ್ಷಗಳನ್ನು ಇದೇ ಮಂಡಳಿ ಉದಾರವಾಗಿ ಮನ್ನಾ ಮಾಡಿತು, ಡೇವಿಸ್ ಅವರದನ್ನೂ ಮಾಡಿತು. ಗಾಯ ಕಸಿದುಕೊಂಡದ್ದಕ್ಕೆ ವಿನಾಯಿತಿ ಇದೆ ಎಂದಾದರೆ ಲೀಗ್ ತಾನೇ ಕಸಿದುಕೊಂಡದ್ದಕ್ಕೆ ಯಾಕಿಲ್ಲ? ಗಾಯ ಯಾರ ತಪ್ಪೂ ಅಲ್ಲ. ಆ ಹನ್ನೆರಡು ವರ್ಷ ಯಾರ ತಪ್ಪೆಂದು ಎಲ್ಲರಿಗೂ ಗೊತ್ತು.

ನನಗೊಂದು ಮತವಿದ್ದರೆ ಗೋರ್ ಹೆಸರಿಗೆ ಹೂಂ ಎನ್ನುತ್ತೇನೆ. ಹರಿದ ಎರಡು ಮೊಣಕಾಲಿನ ಮೇಲೆ ಹದಿನಾರು ವರ್ಷ ಓಡುವುದನ್ನು ಬರೀ ದೀರ್ಘಾಯುಷ್ಯ ಎಂದು ತಳ್ಳಿಹಾಕಲಾಗದು. ಜ್ಯಾಕ್ಸನ್‌ವಿಲ್‌ನಂಥ ಸಣ್ಣ ಮಾರುಕಟ್ಟೆಯ ತಂಡದಲ್ಲಿ ಹೆಚ್ಚಿನ ದಿನ ಕಳೆದು 11,695 ಗಜ ಓಡಿಯೂ ಲೀಗ್‌ನ ತಾರೆಯರ ಪಂದ್ಯವಾದ ಪ್ರೊ ಬೌಲ್‌ಗೆ ಒಂದೇ ಸಲ ಆಯ್ಕೆಯಾದ ಫ್ರೆಡ್ ಟೇಲರ್ ಅವರಿಗೂ ಹೂಂ, ಸ್ವಲ್ಪ ಯೋಚಿಸಿ. ಅಲೆಕ್ಸಾಂಡರ್‌ಗೆ ಇಲ್ಲ. ಆದರೆ ಈ ಮೂವರ ಹೆಸರು ಎತ್ತುವ ಮೊದಲು ಕೆನ್ನಿ ವಾಷಿಂಗ್ಟನ್ ಅವರ ಕಂಚು ಎರಕವಾಗಬೇಕು, 859 ಗಜಕ್ಕೇ.