ಅತಿಥಿಯಾಗಿ ಬಂದ ದಿನ

ತಿಥಿಯನ್ನು ಮುಂದಾಗಿ ತಿಳಿಸದೆ ಬರುವವನೇ ಅತಿಥಿಯೆಂದು ಹಿರಿಯರು ಆ ಶಬ್ದವನ್ನು ಬಿಡಿಸಿ ಹೇಳುವುದುಂಟು. ಮನುಷ್ಯರಲ್ಲಿರುವಂತೆ ದಿನಗಳಲ್ಲಿಯೂ ಅತಿಥಿಗಳುಂಟು. ಪೆಟ್ಟಿಗೆಯನ್ನು ಕಟ್ಟಿ ಹೊರಡಲು ಸಿದ್ಧನಾದವನಿಗೆ ಯಾವುದೋ ಕಾರಣದಿಂದ ಪ್ರಯಾಣ ತಪ್ಪಿ, ಪರದೇಶದ ಪಟ್ಟಣದಲ್ಲಿ ಒಂದು ದಿನ ಹೆಚ್ಚಾಗಿ ಒದಗುತ್ತದೆ. ಅದನ್ನು ಹೇಗೆ ಬರಮಾಡಿಕೊಳ್ಳಬೇಕು? ಆ ದಿನವನ್ನು ತಂದ ಕಾರಣವೇ ಇತರರಿಗೆ ಕಷ್ಟವನ್ನೂ ತಂದಿದ್ದರೆ, ಅದರಲ್ಲಿ ಸಂತೋಷಪಡುವುದು ಧರ್ಮವೆ? ಪ್ರಶ್ನೆ ಅಲ್ಪವೆಂದು ತೋರಬಹುದು. ವಿಚಾರಿಸಿದರೆ ಅಷ್ಟು ಅಲ್ಪವಲ್ಲ.

2010ನೆಯ ಇಸವಿ ಏಪ್ರಿಲ್ 14ರಂದು ಐಸ್‌ಲೆಂಡ್ ದ್ವೀಪದ ಎಯ್ಯಾಫ್ಯಾಲ್ಲಯೋಕುಲ್ ಎಂಬ ಹಿಮಾಚ್ಛಾದಿತ ಜ್ವಾಲಾಮುಖಿಯು ಶಿಖರದಲ್ಲಿ ಬಾಯ್ದೆರೆಯಿತು. ಕಾದ ಶಿಲಾರಸವು ಹಿಮ ಕರಗಿದ ನೀರನ್ನು ಸಂಧಿಸಿ, ಸಿಡಿದು, ನುಣ್ಣನೆಯ ಬೂದಿಯಾಗಿ ಆಕಾಶಕ್ಕೇರಿತು. ಗಾಳಿಯು ಅದನ್ನು ಯೂರೋಪಿನ ಕಡೆಗೆ ಒಯ್ದಿತು. ಇಂಥ ಬೂದಿಯು ವಿಮಾನದ ಯಂತ್ರವನ್ನು ಹೊಕ್ಕರೆ ಅಲ್ಲಿಯ ಕಾವಿಗೆ ಕರಗಿ, ಮತ್ತೆ ಗಾಜಿನಂತೆ ಹೆಪ್ಪುಗಟ್ಟಿ, ಯಂತ್ರವನ್ನೇ ನಿಲ್ಲಿಸಬಲ್ಲುದು. 1982ರಲ್ಲಿ ಜಾವಾದ್ವೀಪದ ಬಳಿ ಒಂದು ವಿಮಾನದ ನಾಲ್ಕು ಯಂತ್ರಗಳೂ ಹೀಗೆ ನಿಂತುಹೋಗಿ, ಬಹುದೂರ ಕೆಳಗಿಳಿದ ಮೇಲೆ ಮತ್ತೆ ನಡೆದಿದ್ದುವು. ಆದುದರಿಂದ ಯೂರೋಪಿನ ಬಹುಭಾಗದಲ್ಲಿ ಸುಮಾರು ಆರು ದಿನ ವಿಮಾನಸಂಚಾರವನ್ನು ತಡೆದರು. ಒಂದು ಲಕ್ಷದಷ್ಟು ಯಾನಗಳು ರದ್ದಾಗಿ, ಒಂದು ಕೋಟಿಯಷ್ಟು ಪ್ರಯಾಣಿಕರು ತೊಂದರೆಗೊಳಗಾದರು.

ಅವರಲ್ಲಿ ಆಮ್‌ಸ್ಟರ್‌ಡಾಮ್ ನಗರದಲ್ಲಿ ಉಳಿಯಬೇಕಾಗಿ ಬಂದ ಒಬ್ಬನನ್ನು ವಾಚಕರು ಭಾವಿಸಿಕೊಳ್ಳಲಿ. ಹಿಂದಿನ ದಿನಗಳಲ್ಲಿ ಅವನು ಪಟ್ಟಿಯನ್ನು ಕೈಯಲ್ಲಿ ಹಿಡಿದು ಊರನ್ನು ನೋಡಿದ್ದನು. ಅಲ್ಲಿಯ ಅರಮನೆಯು 13,659 ಮರದ ಕಂಬಗಳ ಅಸ್ತಿಭಾರದ ಮೇಲೆ ನಿಂತಿದೆಯೆಂದು ಕೇಳಿ, ಅಂಕಿಯನ್ನು ಬರೆದುಕೊಂಡು ಮುಂದಕ್ಕೆ ನಡೆದಿದ್ದನು. ಈ ದಿನಕ್ಕೆ ಪಟ್ಟಿಯಿಲ್ಲ. ಮುನ್ನೂರು ವರ್ಷಗಳಿಗೂ ಹಿಂದೆ ತೋಡಿದ ಕಾಲುವೆಗಳ ದಂಡೆಯಲ್ಲಿ ಮೆಲ್ಲನೆ ನಡೆಯುವಾಗ, ಇಕ್ಕಟ್ಟಾದ ಎತ್ತರದ ಮನೆಗಳ ನೆತ್ತಿಯಲ್ಲಿ ಒಂದೊಂದು ತೊಲೆಯೂ ಅದಕ್ಕೊಂದು ಕೊಕ್ಕೆಯೂ ಚಾಚಿಕೊಂಡಿರುವುದು ಈಗ ಅವನ ಕಣ್ಣಿಗೆ ಬೀಳುತ್ತದೆ. ಒಳಗಿನ ಮೆಟ್ಟಿಲು ಕಿರಿದಾದುದರಿಂದ ಸಾಮಾನುಗಳನ್ನು ಹಗ್ಗ ಕಟ್ಟಿ ಹೊರಗಿನಿಂದಲೇ ಮೇಲಕ್ಕೆಳೆಯುವ ಉಪಾಯವದು. ಆ ನಗರದ ರೈಕ್ಸ್‌ಮ್ಯೂಸಿಯಮ್ ಎಂಬ ಚಿತ್ರಶಾಲೆಗೆ ಸೇರಿದ, ವರ್ಮೀರನು ಬರೆದ ಒಂದು ಸಣ್ಣ ಚಿತ್ರವುಂಟು. ಅಡುಗೆಯ ಕೆಲಸದ ಹೆಂಗಸೊಬ್ಬಳು ಕಿಟಕಿಯ ಬೆಳಕಿನಲ್ಲಿ ನಿಂತು ಪಾತ್ರೆಗೆ ಹಾಲನ್ನು ಸುರಿಯುತ್ತಿದ್ದಾಳೆ, ಅಷ್ಟೆ. ಅವಸರದವನಿಗೆ ಅದರಲ್ಲಿ ನೋಡತಕ್ಕದ್ದೇನೂ ಇಲ್ಲ. ಬಿಡುವಿದ್ದವನಿಗೆ ಆ ಹಾಲಿನ ಸಣ್ಣ ಧಾರೆಯ ಮುಂದೆ ಅರ್ಧ ಗಂಟೆಯೂ ಸಾಲದು. ಹೀಗೆ ಸಂಜೆಯ ಹೊತ್ತಿಗೆ ಅವನಿಗೆ, ಪಟ್ಟಿ ಹಿಡಿದು ತಿರುಗಿದ ದಿನಗಳಿಗಿಂತ ಈ ಒಂದು ದಿನವೇ ಹೆಚ್ಚೆನಿಸುತ್ತದೆ.

ಆದರೆ ಇಲ್ಲಿ ಆಕ್ಷೇಪವೊಂದುಂಟು. ಆ ನಗರದ ಸಮೀಪದ ಆಲ್ಸ್‌ಮೇರ್ ಎಂಬಲ್ಲಿ ಹೂವುಗಳ ಬಹುದೊಡ್ಡ ಹರಾಜು ನಡೆಯುತ್ತದೆ. ಕೀನ್ಯ ದೇಶದ ತೋಟಗಳ ಗುಲಾಬಿಯು ವಿಮಾನದಲ್ಲಿ ಅಲ್ಲಿಗೆ ಬರುತ್ತದೆ. ವಿಮಾನ ನಿಂತ ಆ ದಿನಗಳಲ್ಲಿ ಕೀನ್ಯದಲ್ಲಿ ಕೊಯ್ದ ಹೂಗಳು ರಾಶಿರಾಶಿಯಾಗಿ ಕೊಳೆತುವು. ತೋಟದ ದಿನಗೂಲಿಯವರಿಗೆ ಕೆಲಸ ತಪ್ಪಿತು. ನಮ್ಮ ಪ್ರವಾಸಿಯು ಡಚ್ಚರ ವಸಂತದ ಟ್ಯೂಲಿಪ್ ಹೂಗಳನ್ನು ನೋಡಿ ನಲಿಯುತ್ತಿದ್ದಾಗ, ಅದೇ ಬೂದಿಯಿಂದ ಬೇರೊಂದು ಖಂಡದಲ್ಲಿ ಒಬ್ಬಳ ಒಲೆ ಹೊತ್ತದೆ ಹೋಗಿರಬಹುದು. ದಿನವು ಆಕಸ್ಮಿಕವಾಗಿ ಬಂದಿತೆಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. 1632ರಲ್ಲಿ ಆ ನಗರದಲ್ಲಿಯೇ ಹುಟ್ಟಿ, 1656ರಲ್ಲಿ ಸ್ವಜನರಿಂದಲೇ ಬಹಿಷ್ಕೃತನಾಗಿ, ಮಸೂರಗಳನ್ನು ಉಜ್ಜುತ್ತ ಬಾಳಿದ ತತ್ತ್ವಜ್ಞಾನಿ ಸ್ಪಿನೋಜನ ಮತದಲ್ಲಿ, ಆಕಸ್ಮಿಕವೆಂಬುದು ಕಾರಣವನ್ನರಿಯದ ನಮ್ಮ ಬುದ್ಧಿಯ ಕೊರತೆಗೆ ಇಟ್ಟ ಹೆಸರು. ಇಲ್ಲಿಯಾದರೋ ಕಾರಣವು ಅಜ್ಞಾತವೂ ಅಲ್ಲ. ಇಬ್ಬರಿಗೂ ಕಾರಣ ಒಂದೇ. ಫಲ ಮಾತ್ರ ಬೇರೆ.

ಹಾಗಾದರೆ ಪ್ರವಾಸಿಯು ಕೋಣೆಯ ಬಾಗಿಲನ್ನು ಮುಚ್ಚಿ ದುಃಖಿಸುತ್ತ ಕೂಡಬೇಕೆ? ಅದರಿಂದ ಕೊಳೆತ ಒಂದು ಹೂವೂ ಅರಳುವುದಿಲ್ಲ. ಬೂದಿಯನ್ನು ಹಾರಿಸಿದವನು ಅವನಲ್ಲ, ಕರ್ತೃತ್ವವಿಲ್ಲದಲ್ಲಿ ಪಾಪವಿಲ್ಲ. ಬಂದ ಅತಿಥಿಯನ್ನು ಮುಖ ಸಿಂಡರಿಸಿ ನೋಡುವುದೂ ಒಂದು ಅಪಚಾರವೇ. ಆದರೆ ಭೋಗಿಸಿದವನಿಗೆ ಋಣವುಂಟು. ಯದೃಚ್ಛೆಯಿಂದ ಬಂದುದರಲ್ಲಿ ಸಂತುಷ್ಟಿಯನ್ನು ಗೀತೆಯ ನಾಲ್ಕನೆಯ ಅಧ್ಯಾಯವು ಪ್ರಶಂಸಿಸಿದೆಯಷ್ಟೆ. ಸಂತುಷ್ಟಿಯೆಂದರೆ ಬಂದಷ್ಟು ಸಾಕೆಂಬ ಭಾವ. ಇನ್ನಷ್ಟು ಬರಲೆಂಬ ಆಸೆಯು ಅದರಲ್ಲಿ ಸೇರಿಲ್ಲ. ಧರ್ಮಾಧರ್ಮಗಳ ಗೆರೆಯನ್ನು ಇಲ್ಲಿಯೇ ಎಳೆಯತಕ್ಕದ್ದು. ಬಂದ ದಿನದಲ್ಲಿ ಸಂತೋಷಪಟ್ಟರೆ ತಪ್ಪಿಲ್ಲ. ಬೂದಿ ನಾಳೆಯೂ ಕವಿದಿರಲಿ ಎಂದು ಮನಸ್ಸಿನ ಮೂಲೆಯಲ್ಲಿ ಹಾರೈಸಿದೊಡನೆ ಅವನು ಪರರ ನಷ್ಟದಲ್ಲಿ ಪಾಲುಗಾರನಾಗುತ್ತಾನೆ. ಆ ಹಾರೈಕೆಯನ್ನು ಹೊರಗಿನವರು ಯಾರೂ ಕಾಣರು. ಅದನ್ನು ಹಿಡಿಯಬಲ್ಲವನು ಅವನೊಬ್ಬನೇ.

ಋಣವನ್ನು ತೀರಿಸುವ ಸಂದರ್ಭವೂ ದೂರವಿಲ್ಲ. ಆಕಾಶ ತಿಳಿಯಾಗಿ ವಿಮಾನಗಳು ಹೊರಟಾಗ, ಎಲ್ಲರಿಗೂ ಒಮ್ಮೆಲೇ ಸ್ಥಳ ಸಿಕ್ಕುವುದಿಲ್ಲ. ಔಷಧ ಮುಗಿದ ವೃದ್ಧನಿರುತ್ತಾನೆ. ಕೈಯ ಹಣ ತೀರಿದ ವಿದ್ಯಾರ್ಥಿಯಿರುತ್ತಾನೆ. ಮನೆಯಲ್ಲಿ ಕೂಸನ್ನು ಬಿಟ್ಟು ಬಂದ ತಾಯಿಯಿರುತ್ತಾಳೆ. ಕಾಲುವೆಯ ದಂಡೆಯಲ್ಲಿ ಸುಖವಾಗಿ ದಿನ ಕಳೆದವನು ತನ್ನ ಸರದಿಯನ್ನು ಅವರಲ್ಲೊಬ್ಬರಿಗೆ ಬಿಟ್ಟುಕೊಟ್ಟರೆ, ಆ ದಿನವು ನಿಜವಾಗಿ ಅವನದಾಗುತ್ತದೆ. ಅತಿಥಿಯನ್ನು ಆದರಿಸಿದ ಗೃಹಸ್ಥನು ಅವನು ಹೊರಡುವಾಗ ಬಾಗಿಲವರೆಗೆ ಹೋಗಿ ಕಳುಹಿಸಿಕೊಡುತ್ತಾನೆಯೇ ಹೊರತು, ಹಗ್ಗ ಹಾಕಿ ಕಟ್ಟಿಡುವುದಿಲ್ಲ.