ಕಷ್ಟಕಾಲದಲ್ಲಿ ಸ್ವಪ್ರಯತ್ನವು ಅಪನಂಬಿಕೆಯೋ?



ಕೋಲಾರ ತಾಲ್ಲೂಕಿನ ಕ್ಯಾಲನೂರಿನ ಕಡೆಯ ಒಬ್ಬ ಸಹೋದರನು ಆರಾಧನೆ ಮುಗಿದ ಮೇಲೆ ನನ್ನ ಬಳಿಗೆ ಬಂದು ಒಂದು ಪ್ರಶ್ನೆಯನ್ನು ಕೇಳಿದನು. ಅವನು ಸಾಲ ಮಾಡಿ ಕೊಳವೆ ಬಾವಿ ತೆಗೆಸಿದ್ದನು. ಸಾವಿರ ಅಡಿ ದಾಟಿದರೂ ನೀರು ಸಿಕ್ಕಲಿಲ್ಲ. ಅದಕ್ಕೆ ಮುಂಚೆ ಟೊಮೆಟೊ ಇಟ್ಟಿದ್ದನು. ಹಣ್ಣು ಕೈಗೆ ಬಂದ ಹೊತ್ತಿಗೆ ಮಂಡಿಯಲ್ಲಿ ಧಾರಣೆ ಬಿದ್ದು, ಕೀಳುವ ಕೂಲಿಯೂ ಹುಟ್ಟಲಿಲ್ಲ. ಅವನು ಹೇಳಿದ್ದೇನಂದರೆ: “ಅಯ್ಯನವರೇ, ಮೂರು ತಿಂಗಳಿಂದ ಪ್ರಾರ್ಥನೆ ಮಾಡುತ್ತಾ ಕೂತಿದ್ದೇನೆ. ನನ್ನ ಮನೆಯವಳು, ಒಂದು ಹಸು ಕಟ್ಟೋಣ, ಮಳೆ ಬಿದ್ದರೆ ರಾಗಿ ಬಿತ್ತೋಣ ಅನ್ನುತ್ತಾಳೆ. ದೇವರು ಕೊಡುತ್ತಾನೆಂದು ನಂಬಿದವನು ತಾನೇ ಕೈಯಾಡಿಸಿದರೆ ಅದು ಅಪನಂಬಿಕೆಯಲ್ಲವೇ? ಅಲ್ಲದೆ ಇಷ್ಟು ದೊಡ್ಡ ಸಾಲಕ್ಕೆ ಒಂದು ಹಸುವಿನ ಹಾಲು ಯಾವ ಮೂಲೆಗೆ ಸಾಲುತ್ತದೆ?”

ಇಲ್ಲಿ ಎರಡು ಪ್ರಶ್ನೆಗಳುಂಟು. ಸ್ವಪ್ರಯತ್ನವು ನಂಬಿಕೆಗೆ ವಿರೋಧವೋ ಎಂಬದು ಒಂದು; ಚಿಕ್ಕ ಕೆಲಸದಿಂದ ದೊಡ್ಡ ಕಷ್ಟಕ್ಕೆ ಏನು ಪ್ರಯೋಜನ ಎಂಬದು ಮತ್ತೊಂದು. ಇವು ಅವನೊಬ್ಬನ ಪ್ರಶ್ನೆಗಳಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಗಳಲ್ಲಿ ವರ್ಷವೆಲ್ಲಾ ಹರಿಯುವ ಒಂದು ಹೊಳೆಯೂ ಇಲ್ಲ. ೨೦೧೮ರಿಂದ ಬೆಂಗಳೂರಿನ ಬಳಸಿದ ನೀರನ್ನು ಶುದ್ಧಿ ಮಾಡಿ ನಮ್ಮ ಕೆಲವು ಕೆರೆಗಳಿಗೆ ತುಂಬಿಸಲು ಆರಂಭಿಸಿದರು. ಆದಾಗ್ಯೂ ನೀರಿನ ಚಿಂತೆ ನಮ್ಮ ಮನೆಗಳನ್ನು ಬಿಟ್ಟುಹೋಗಲಿಲ್ಲ.

ನಮ್ಮ ಹಿರಿಯರು ಇದಕ್ಕಿಂತಲೂ ಕಠಿಣವಾದ ದಿನಗಳನ್ನು ಕಂಡರು. ೧೮೭೬ರಿಂದ ೧೮೭೮ರ ವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ, ಈ ನಾಡಿನಲ್ಲಿ ಮಹಾ ಕ್ಷಾಮವುಂಟಾಯಿತು. ೧೮೭೧ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನರು ಸುಮಾರು ೫೦ ಲಕ್ಷ; ೧೮೮೧ರಲ್ಲಿ ಎಣಿಸಿದಾಗ ಸುಮಾರು ೪೨ ಲಕ್ಷ ಮಾತ್ರ. ಆ ಕ್ಷಾಮದಲ್ಲಿ ತಾಯಿತಂದೆಗಳನ್ನು ಕಳಕೊಂಡ ಮಕ್ಕಳನ್ನು ಮಿಸ್ ಆನ್‌ಸ್ಟಿ ದೊರೆಸಾನಿಯವರು ಕೋಲಾರದಲ್ಲಿ ಕೂಡಿಸಿ ಸಾಕಿದರು. ೧೮೯೦ರಲ್ಲಿ ಆ ಕೆಲಸವು ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಮಿಷನ್ನಿನವರ ಕೈಸೇರಿತು. ಅವರು ಕೈಕಸುಬಿನ ಶಾಲೆಯನ್ನೂ ನಡಿಸಿದರು. ಗಂಜಿಯು ಆ ಮಕ್ಕಳ ಪ್ರಾಣವನ್ನು ಉಳಿಸಿತು. ಕಸುಬು ಅವರನ್ನು ಕಾಲಮೇಲೆ ನಿಲ್ಲಿಸಿತು. ಇವೆರಡರಲ್ಲಿ ಒಂದನ್ನೂ ನಾವು ಹೀನವಾಗಿ ಎಣಿಸಕೂಡದು. ಹಸಿದ ಮಗುವಿಗೆ ಮೊದಲು ಬೇಕಾದದ್ದು ಗಂಜಿಯೇ. ಆದರೆ ಗಂಜಿಯ ಸಾಲಿನಲ್ಲಿ ಜೀವಮಾನವೆಲ್ಲಾ ನಿಲ್ಲುವದು ಯಾರಿಗೂ ಕ್ಷೇಮವಲ್ಲ.

ಇಲ್ಲಿ ನಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳುವದು ಒಳ್ಳೇದು. “ಮಿಷನ್ನಿನವರು ನೋಡಿಕೊಳ್ಳುತ್ತಾರೆ” ಎಂಬ ಮಾತು ನಮ್ಮಲ್ಲಿ ಬಹುಕಾಲ ಉಳಿದಿತ್ತು. ದೊರೆಗಳೂ ದೊರೆಸಾನಿಯವರೂ ಹೋದರು. ಕಾದುಕೂರುವ ಅಭ್ಯಾಸವು ಹೋಗಲಿಲ್ಲ. ಅದು ಕೆಲವು ಸಾರಿ ನಂಬಿಕೆಯ ಅಂಗಿಯನ್ನು ತೊಟ್ಟುಕೊಂಡು ನಮ್ಮ ಪ್ರಾರ್ಥನೆಯ ಕೂಟಗಳಲ್ಲಿಯೇ ಕೂತಿರುತ್ತದೆ. ಆದಕಾರಣ ನಂಬಿಕೆ ಯಾವದು, ಕಾದುಕೂರುವದು ಯಾವದು ಎಂದು ವಿಚಾರಿಸಬೇಕು.

ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಮನ್ನ ದೊರಕಿದ ವೃತ್ತಾಂತವನ್ನು ನೆನಸಿರಿ. ಮನ್ನವನ್ನು ಕೊಟ್ಟವನು ದೇವರೇ. ಅದರಲ್ಲಿ ಅವರ ಪ್ರಯಾಸವು ಎಳ್ಳಷ್ಟೂ ಇರಲಿಲ್ಲ. ಆದರೆ ಅದು ಯಾರ ಬಾಯಿಗೂ ತಾನಾಗಿ ಬಂದು ಬೀಳಲಿಲ್ಲ. ಪ್ರಾತಃಕಾಲದಲ್ಲಿ ಎದ್ದು, ಗುಡಾರದಿಂದ ಹೊರಗೆ ಹೋಗಿ, ನಡುಬಗ್ಗಿಸಿ ಕೂಡಿಸಬೇಕಾಗಿತ್ತು. ಬಿಸಿಲೇರಿದರೆ ಅದು ಕರಗಿಹೋಗುತ್ತಿತ್ತು. ಕೂಡಿಸಿದ ಮೇಲೆಯೂ ಬೀಸಬೇಕು, ಕುಟ್ಟಬೇಕು, ಬೇಯಿಸಬೇಕು. ಕೊಡೋಣವು ದೇವರದು, ನಡುಬಗ್ಗಿಸೋಣವು ಮನುಷ್ಯನದು. ನಡುಬಗ್ಗಿಸಿದವನು ಅಪನಂಬಿಗಸ್ತನೋ? ಮನ್ನ ಬಿದ್ದಿದೆ ಎಂದು ನಂಬದವನು ಅಷ್ಟು ಹೊತ್ತಿಗೆ ಯಾಕೆ ಏಳುವನು? ಹೀಗಿರಲಾಗಿ, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವದು ನಂಬಿಕೆಗೆ ವಿರೋಧವಲ್ಲ. ಅದೇ ನಂಬಿಕೆಯ ನಡಿಗೆ. ಅಪೊಸ್ತಲನಾದ ಪೌಲನು ಸುವಾರ್ತೆಯನ್ನು ಸಾರುತ್ತಲೇ ಗುಡಾರ ಮಾಡುವ ಕಸುಬನ್ನೂ ಮಾಡಿದನು. ರೂತಳು ಹಕ್ಕಲಾಯಲು ಹೋಗುವದಕ್ಕೆ ನಾಚಿಕೆಪಡಲಿಲ್ಲ.

ಎರಡನೇ ಪ್ರಶ್ನೆಗೆ ಬರೋಣ. ಮನ್ನವು ದಿನಕ್ಕೆ ಆ ದಿನದಷ್ಟೇ ದೊರಕಿತು. ಚಾರೆಪ್ತದ ವಿಧವೆಗೂ ಒಂದು ಕಣಜದ ಹಿಟ್ಟು ಒಮ್ಮೆಗೇ ಬರಲಿಲ್ಲ. ದಿನದಿನದ ರೊಟ್ಟಿಗೆ ಸಾಲುವಷ್ಟು ಮಾತ್ರ ಉಳಿಯುತ್ತಾ ಬಂತು. ನಾವಾದರೋ ಒಂದೇ ಏಟಿಗೆ ಕಷ್ಟವೆಲ್ಲಾ ತೀರಬೇಕೆನ್ನುತ್ತೇವೆ. ಈ ಆತುರವೇ ಮತ್ತೊಂದು ಕೊಳವೆ ಬಾವಿಗೆ, ಮತ್ತೊಂದು ಸಾಲಕ್ಕೆ ನಮ್ಮನ್ನು ಎಳೆಯುತ್ತದೆ. ನಮ್ಮ ಅಜ್ಜಂದಿರು ರಾಗಿಯ ಹೊಲದಲ್ಲಿ ಅಕ್ಕಡಿ ಸಾಲು ಹಾಕಿ, ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಬಿತ್ತುತ್ತಿದ್ದರು. ಒಂದು ಕೈಕೊಟ್ಟರೆ ಇನ್ನೊಂದು ಹೊಟ್ಟೆಗಾಗುತ್ತಿತ್ತು. ಒಳ್ಳೇ ಬೆಳೆ ಬಂದ ವರ್ಷ ರಾಗಿಯನ್ನು ಹಗೇವಿನಲ್ಲಿ ತುಂಬಿ ಮಣ್ಣು ಮುಚ್ಚುತ್ತಿದ್ದರು. ಐಗುಪ್ತದಲ್ಲಿ ಯೋಸೇಫನು ಮಾಡಿದ್ದೂ ಇಂಥಾದ್ದೇ. ಇದರಿಂದ ಅವರು ಐಶ್ವರ್ಯವಂತರಾಗಲಿಲ್ಲ, ಆದರೆ ಬರದ ವರ್ಷವನ್ನು ದಾಟಿದರು. ಚಿಕ್ಕ ಕೆಲಸದ ಪ್ರಯೋಜನವು ಇದೇ: ಅದು ಕಷ್ಟವನ್ನು ಒಂದೇ ದಿನದಲ್ಲಿ ಕೊಲ್ಲುವದಿಲ್ಲ, ನಾಳೆಯ ವರೆಗೆ ನಮ್ಮನ್ನು ಉಳಿಸುತ್ತದೆ.

ಆದರೆ ಸ್ವಪ್ರಯತ್ನವೆಂದರೆ ಒಂಟಿತನವಲ್ಲ. ನಮ್ಮ ಕೆರೆಯನ್ನು ನೋಡಿರಿ. ಒಬ್ಬನೇ ಕೆರೆ ಕಟ್ಟಿದ್ದುಂಟೋ? ಹೂಳನ್ನು ಮನೆಮನೆಯವರು ಎತ್ತಿ ತಂತಮ್ಮ ಹೊಲಕ್ಕೆ ಗೊಬ್ಬರವಾಗಿ ಹೊತ್ತರು. ನೀರುಗಂಟಿಯು ತೂಬನ್ನೆತ್ತಿ, ಸರದಿಯ ಪ್ರಕಾರ ಒಬ್ಬೊಬ್ಬರ ಗದ್ದೆಗೆ ನೀರು ಬಿಟ್ಟನು. ಬಹು ಊರುಗಳಲ್ಲಿ ಈ ಕೆಲಸವನ್ನು ಮಾಡಿದವರು ಮೇಲುಜಾತಿಯವರ ಕಣ್ಣಿಗೆ ಕೀಳಾದವರು. ಆದರೂ ಅವರ ಕೈಯಿಲ್ಲದೆ ಯಾರ ಗದ್ದೆಯೂ ಹಸುರಾಗಲಿಲ್ಲ. ಪ್ರತಿಯೊಬ್ಬನೂ ತನ್ನ ಪಾಲಿನ ಗುದ್ದಲಿಯನ್ನು ಹಿಡಿಯಬೇಕು, ಆದರೆ ನೀರು ಎಲ್ಲರದು.

ಆದಕಾರಣ, ಅನುಕೂಲವಾಗಿರುವ ಸಹೋದರರೇ, ನಿಮಗೂ ಒಂದು ಮಾತುಂಟು. ಸ್ವಪ್ರಯತ್ನದ ಉಪದೇಶವು ನಮ್ಮ ನಮ್ಮ ಮನಸ್ಸಿಗೆ ಹೇಳಿಕೊಳ್ಳತಕ್ಕದ್ದು. ಬಿದ್ದವನ ಮೇಲೆ ಎಸೆಯತಕ್ಕ ಕಲ್ಲಲ್ಲ. ಧಾರಣೆ ಬಿದ್ದದ್ದು ರೈತನ ಸೋಮಾರಿತನದಿಂದಲ್ಲ. ಅಂತರ್ಜಲ ಬತ್ತಿದ್ದು ಒಬ್ಬನ ಪಾಪದಿಂದಲ್ಲ. ರೋಗದಲ್ಲಿರುವವನಿಗೂ ಮುದುಕಿಗೂ ನಡುಬಗ್ಗಿಸಲು ಶಕ್ತಿಯಿಲ್ಲದಿರುವಾಗ, ಅವರ ಪಾಲಿನ ಮನ್ನವನ್ನು ಕೂಡಿಸುವವರು ನಾವೇ. ನಮ್ಮ ತಾಯಂದಿರು ಒಲೆಗೆ ಅಕ್ಕಿ ಇಡುವಾಗ ದೇವರಿಗೆಂದು ಒಂದು ಹಿಡಿಯನ್ನು ತೆಗೆದಿಡುವ ಪದ್ಧತಿಯುಂಟು. ಆ ಹಿಡಿ ಅಕ್ಕಿಯು ಸಭೆಯ ಕಷ್ಟದ ಮನೆಗೆ ಯಾರಿಗೂ ತಿಳಿಯದಂತೆ ಸೇರಲಿ.

ಕಷ್ಟದಲ್ಲಿರುವ ಸಹೋದರನೇ, ಸಹೋದರಿಯೇ, ನಿನ್ನ ಕೈಯಲ್ಲಾಗುವ ಕೆಲವನ್ನು ಹೇಳುತ್ತೇನೆ. ಗಂಡಹೆಂಡರು ಕೂಡಿ ಕೂತು, ಯಾರಿಗೆ ಎಷ್ಟು ಸಾಲ, ಬಡ್ಡಿ ಎಷ್ಟು ಎಂದು ಒಂದು ಕಾಗದದಲ್ಲಿ ಬರೆಯಿರಿ. ಬರೆದ ಸಾಲಕ್ಕಿಂತ ಬರೆಯದ ಸಾಲವು ಹೆಚ್ಚು ಹೆದರಿಸುತ್ತದೆ. ಹಳೇ ಸಾಲಕ್ಕಾಗಿ ಹೊಸ ಸಾಲದ ಬಾಗಿಲಿಗೆ ಹೋಗಬೇಡಿರಿ. ಮಾರುವ ಬೆಳೆಗಿಂತ ಮುಂಚೆ ಮನೆಯ ವರ್ಷದ ರಾಗಿಗೆ ನೆಲವನ್ನು ಬಿಡಿರಿ. ಡೈರಿಯ ಹಣ ಬಂದಾಗ, ಖರ್ಚಿಗೆ ಮುಂಚೆ ಸ್ವಲ್ಪವನ್ನು ಸಾಲಕ್ಕೆಂದು ತೆಗೆದಿಡಿರಿ. ಮತ್ತು ಮನಸ್ಸು ಪೂರಾ ಕುಗ್ಗಿ, ಈ ಪ್ರಾಣವೇ ಬೇಡವೆಂಬ ಯೋಚನೆ ಬಂದ ರಾತ್ರಿಯಲ್ಲಿ ಒಬ್ಬಂಟಿಗನಾಗಿ ಇರಬೇಡ. ಆ ಹೊತ್ತಿನಲ್ಲಿಯೇ ಎದ್ದು ಹೋಗಿ ನೆರೆಯವನ ಬಾಗಿಲನ್ನಾದರೂ ಅಯ್ಯನವರ ಬಾಗಿಲನ್ನಾದರೂ ತಟ್ಟು. ಆ ರಾತ್ರಿಗೆ ನಿನ್ನ ಸ್ವಪ್ರಯತ್ನವು ಅದೇ, ಅಷ್ಟು ಸಾಕು.

ಪ್ರಶ್ನೆ ಕೇಳಿದ ಸಹೋದರನಿಗೆ ನಾನು ಇವನ್ನೇ ಹೇಳಿದೆನು. ಅವನ ಸಾಲವು ಇನ್ನೂ ತೀರಿಲ್ಲ. ಆದರೆ ಹಸು ಕಟ್ಟಿದ್ದಾನೆ. ಈಗ ಅವನು ಮುಂಜಾನೆಯ ಪ್ರಾರ್ಥನೆಯನ್ನು ಕೊಟ್ಟಿಗೆಯಲ್ಲಿ, ಹಾಲು ಕರೆಯುವದಕ್ಕೆ ಮುಂಚೆ ಮಾಡುತ್ತಾನಂತೆ. ಚಿಕ್ಕದಾಗಿರುತ್ತದೆ, ಅಯ್ಯನವರೇ, ಅಂದನು. ಅದು ಚಿಕ್ಕದೆಂದು ನನಗೆ ತೋರಲಿಲ್ಲ.

ದಿನದಿನದ ಆಹಾರವನ್ನು ಕೊಡುವ ತಂದೆಯು, ಅದನ್ನು ಕೂಡಿಸುವ ಬಲವನ್ನೂ ಹಂಚಿಕೊಳ್ಳುವ ಮನಸ್ಸನ್ನೂ ನಮ್ಮೆಲ್ಲರಿಗೆ ಅನುಗ್ರಹಿಸಲಿ. ಆಮೆನ್.